ಡೆಸ್ಮಂಡನ ತಲೆಯ ಮೇಲಿನ ದಪ್ಪಕೊಕ್ಕ

ಹಕ್ಕಿ ನೋಡುವವರಿಗೆ ಟೀ ಮಾರುವ ಕೆಲಸದ ಪಾಡು ಏನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಮೀನು ಕರಿಯುವ ಅಂಗಡಿ ಇಡುತ್ತಿದ್ದೆ. ಬೆಳಿಗ್ಗೆ ಏಳಕ್ಕೇ ಬರುತ್ತಾರೆ. ಒಂದು ಟೀ ತೆಗೆದುಕೊಂಡು ಎರಡು ಗಂಟೆ ನನ್ನ ವ್ಯಾನಿಗೆ ಒರಗಿ ನಿಲ್ಲುತ್ತಾರೆ, ಆ ಮಗ್ಗುಲಿಗೆ ಗಾಳಿ ಹೊಡೆಯುವುದಿಲ್ಲವಲ್ಲ. ಬೇಕನ್ ಬನ್ನಿನ ಸಾಸು ಗಡ್ಡಕ್ಕೆ ಮೆತ್ತಿಕೊಂಡಿದ್ದರೂ ಒರೆಸಿಕೊಳ್ಳುವುದಿಲ್ಲ. ನಮ್ಮೊಡನೆ ಮಾತಾಡುವಾಗಲೂ ಕಣ್ಣು ಮಾತ್ರ ನಮ್ಮ ಭುಜದ ಆಚೆ ಸಮುದ್ರದ ಮೇಲೇ ಇರುತ್ತದೆ. ನನ್ನ ಗಂಡ ವಿಲ್ಫ್ ಕೂಡ ಇದೇ ಜಾತಿಯವನಾಗಿದ್ದ. ನಮ್ಮ ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವನೊಬ್ಬ ಚರ್ಚಿನ ಗೋಪುರದ ಮೇಲೆ ಕೂತ ಗಿಡುಗವನ್ನು ನೋಡುತ್ತಿದ್ದಾನೆ. ನಾನೂ ಬೇರೆ ಜಾತಿಯವಳೇನಲ್ಲ. ಆ ಫೋಟೋದಲ್ಲಿ ನಾನು ನೋಡುತ್ತಿರುವುದೂ ಅದೇ ಗಿಡುಗವನ್ನು.

ನಮ್ಮದು ನಾರ್ಫಕ್ ಕರಾವಳಿಯ ಕ್ಲೆನ್‌ಮಿಯರ್. ಇಲ್ಲಿ ಮರಳಿಗಿಂತ ಬೆಣಚುಕಲ್ಲೇ ಜಾಸ್ತಿ, ಬೆಣಚುಕಲ್ಲಿಗಿಂತ ದುರ್ಬೀನು ಜಾಸ್ತಿ. ಈ ಜನರ ನಡುವೆ ಹೆಂಡತಿಯನ್ನು ಬಿಟ್ಟು ಓಡಿಹೋದವನಿಗೂ ಟೀ ಸಿಗುತ್ತದೆ, ಮಾತೂ ಸಿಗುತ್ತದೆ. ಎರಡು ತಪ್ಪಿಗೆ ಮಾತ್ರ ಕ್ಷಮೆಯಿಲ್ಲ. ಕಾಣದ ಹಕ್ಕಿಯನ್ನು ಕಂಡೆ ಎನ್ನುವುದು ಒಂದು. ಕಂಡ ಅಪರೂಪದ ಹಕ್ಕಿಯನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಳ್ಳುವುದು ಇನ್ನೊಂದು.

ಹನ್ನೊಂದು ವರ್ಷದಿಂದ ನಾನು ಮೊದಲನೆಯ ತಪ್ಪಿನ ಅಪರಾಧಿ. ಆ ಚಳಿಗಾಲದಲ್ಲಿ ನನ್ನ ಹಿತ್ತಲಿನ, ಕೆಂಪು ಹಣ್ಣು ಬಿಡುವ ರೋವನ್ ಮರಕ್ಕೆ ಒಂದು ಪೈನ್ ಗ್ರೋಸ್‌ಬೀಕ್ ಬಂದಿತ್ತು. ಆ ಉದ್ದದ ಹೆಸರನ್ನು ಒಮ್ಮೆ ಹೇಳಿ ಮುಗಿಸಿದ್ದೇನೆ. ಇನ್ನು ಮುಂದೆ ದಪ್ಪಕೊಕ್ಕ ಎಂದೇ ಕರೆಯುತ್ತೇನೆ, ಅದರ ಮುಖ ನೋಡಿದವರು ಬೇರೆ ಹೆಸರು ಇಡುವುದೂ ಇಲ್ಲ. ಉತ್ತರದ ಹಿಮದ ಕಾಡಿನ ಕೆಂಪು ಹಕ್ಕಿ ಅದು. ನಮ್ಮ ಕಡೆ ಬರುವುದು ಎಷ್ಟು ಅಪರೂಪವೆಂದರೆ, ನಮ್ಮೂರ ಹಕ್ಕಿ ಸಂಘದವರು ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ನಾನು ವಿವರ ಬರೆದು ಸಂಘಕ್ಕೆ ಕಳಿಸಿದೆ. ಸಂಘದ ದಾಖಲೆ ಕಾರ್ಯದರ್ಶಿ ಡೆಸ್ಮಂಡ್ ಥರ್ಟಲ್ ಉತ್ತರ ಬರೆದ: "ನೋಡಿದ್ದು ಎರಡೇ ನಿಮಿಷ. ನೋಡಿದವರು ಒಬ್ಬರೇ. ವಿವರ ಸಾಲದು. ಬಹುಶಃ ಹೊಟ್ಟೆ ತುಂಬ ತಿಂದ ರಾಬಿನ್ ಇರಬಹುದು. ತಿರಸ್ಕರಿಸಲಾಗಿದೆ."

ಹೊಟ್ಟೆ ತುಂಬ ತಿಂದ ರಾಬಿನ್! ಗುಬ್ಬಿಯಷ್ಟೇ ಇರುವ ಕೆಂಪೆದೆಯ ರಾಬಿನ್ ಎಷ್ಟು ತಿಂದರೂ ರಾಬಿನ್ನೇ. ದಪ್ಪಕೊಕ್ಕ ಅದರ ಎರಡರಷ್ಟಿದೆ. ಆದರೆ ಕಾರ್ಯದರ್ಶಿ ಬರೆದದ್ದು ಸಂಘದ ವರ್ಷದ ಪುಸ್ತಕದಲ್ಲಿ ಅಚ್ಚಾಯಿತು, ಊರೆಲ್ಲ ಓದಿತು. ಅಂದಿನಿಂದ ನಾನು ಏನು ಕಂಡೆನೆಂದರೂ ಟೀ ಕುಡಿಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. "ಮೇವಿಸ್, ಇವತ್ತು ಡೋಡೋ ಬಂದಿತ್ತಾ?" ಎನ್ನುವುದು ಗ್ಯಾರಿ ಸ್ಪಿಂಕ್ ಎಂಬ ಪ್ಲಂಬರನ ಜೋಕು. ಹನ್ನೊಂದು ವರ್ಷದಿಂದ ಅದೇ ಜೋಕು, ಅದೇ ನಗು. ನಾನು ಹಕ್ಕಿಯ ವಿಷಯ ಬಾಯಿಬಿಡುವುದನ್ನೇ ನಿಲ್ಲಿಸಿದೆ. ವ್ಯಾನಿನ ಕಿಟಕಿಯಿಂದ ಎಂತೆಂಥ ಹಕ್ಕಿ ಹಾದುಹೋದರೂ ಬಾಯಿ ಮುಚ್ಚಿಕೊಂಡು ಬನ್ನಿಗೆ ಬೆಣ್ಣೆ ಹಚ್ಚಿದೆ. ನನಗೆ ಬೇರೇನೂ ಬೇಕಿರಲಿಲ್ಲ. ಸಾಯುವ ಮುಂಚೆ ಒಮ್ಮೆ ಡೆಸ್ಮಂಡನ ಬಾಯಲ್ಲಿ 'ಮೇವಿಸ್ ಕಂಡಿದ್ದು ನಿಜ' ಎಂದು ಕೇಳಬೇಕಿತ್ತು.

ಅಂದು ಫೆಬ್ರವರಿಯ ಕೊನೆಯ ಶನಿವಾರ. ಎರಡು ದಿನದಿಂದ ಪೂರ್ವದ ಗಾಳಿ ಒಂದೇ ಸಮನೆ ಬೀಸಿ, ಸಮುದ್ರದ ಬಣ್ಣ ಪಾತ್ರೆ ತೊಳೆದ ನೀರಿನಂತಾಗಿತ್ತು. ಏಳು ಗಂಟೆಗೆ ಪಾರ್ಕಿಂಗ್ ಜಾಗದಲ್ಲಿ ಇದ್ದವರು ನಾವಿಬ್ಬರೇ. ವ್ಯಾನಿನೊಳಗೆ ನಾನು, ಹೊರಗೆ ಡೆಸ್ಮಂಡ್. ಅವನು ದಿನವೂ ಎಲ್ಲರಿಗಿಂತ ಮೊದಲು ಬಂದು, ಬೇಲಿಯ ಪಕ್ಕ ಮೂರು ಕಾಲಿನ ಮೇಲೆ ದೂರದರ್ಶಕ ನಿಲ್ಲಿಸಿ, ತಾನು ಅದಕ್ಕೆ ನಾಲ್ಕನೆಯ ಕಾಲೆಂಬಂತೆ ನೆಟ್ಟಗೆ ನಿಲ್ಲುತ್ತಾನೆ. ತಲೆಗೆ ಅವನ ತಂಗಿ ಹೆಣೆದ ಉಣ್ಣೆಯ ಟೋಪಿ. ಅದರ ತುದಿಯಲ್ಲಿ ಎಲೆಕೋಸಿನ ಗಾತ್ರದ ಹಸಿರು ಕುಚ್ಚು.

"ಸಕ್ಕರೆ ಎರಡು ಚಮಚ," ಎಂದ.

"ಗೊತ್ತು ಕಾರ್ಯದರ್ಶಿಗಳೇ. ನಾನು ನೋಡಿ ಹಾಕಿದ್ದೀನಿ. ಆದ್ರೆ ನೋಡಿದವಳು ಒಬ್ಬಳೇ, ಬೇಕಾದ್ರೆ ತಿರಸ್ಕರಿಸಿ."

ಹನ್ನೊಂದು ವರ್ಷದಿಂದ ನಮ್ಮ ಸಂಭಾಷಣೆ ಹೀಗೇ ನಡೆಯುತ್ತಿದೆ. ಅವನು ಲೋಟ ತೆಗೆದುಕೊಂಡು ಬೇಲಿಯ ಕಡೆ ಹೋಗಿ ನಿಂತ. ಆಗ ಆಕಾಶದಿಂದ ಏನೋ ಕೆಂಪಗಿದ್ದದ್ದು ಆಯಾಸದಿಂದ ತೂರಾಡುತ್ತ ಇಳಿದು, ಪಾರ್ಕಿಂಗ್ ಬೋರ್ಡಿನ ಮೇಲೆ ಕೂರಲು ನೋಡಿ, ಯಾಕೋ ಮನಸ್ಸು ಬದಲಿಸಿ, ಡೆಸ್ಮಂಡನ ಟೋಪಿಯ ಕುಚ್ಚಿನ ಮೇಲೆ ಕೂತಿತು.

ದಪ್ಪಕೊಕ್ಕ. ನನ್ನ ಕೈಯಲ್ಲಿದ್ದ ಬನ್ನು ಕೆಳಗೆ ಬಿತ್ತು.

"ಮೇವಿಸ್," ಎಂದ ಡೆಸ್ಮಂಡ್, ತುಟಿ ಅಲ್ಲಾಡಿಸದೆ. "ನನ್ನ ತಲೆ ಮೇಲೆ ಏನೋ ಕೂತಿದೆ."

"ಕೂತಿದೆ."

"ಕಡಲಕ್ಕಿಯೇನು?"

"ಕಡಲಕ್ಕಿ ಆಗಿದ್ರೆ ಇಷ್ಟೊತ್ತಿಗೆ ಕೆಳಗೆ ಬಿದ್ದ ನನ್ನ ಬನ್ನು ಎತ್ಕೊಂಡು ಹೋಗಿರೋದು."

"ಮತ್ತೆ ಯಾವ ಹಕ್ಕಿ?"

"ನಾನು ಹೇಳಿದ್ರೆ ನಂಬ್ತೀಯಾ?"

ಮೇಲೆ ದಪ್ಪಕೊಕ್ಕ ಕುಚ್ಚಿನ ಒಂದು ಎಳೆ ಹಿಡಿದು ಎಳೆಯತೊಡಗಿತು. ಮನುಷ್ಯರೇ ಇಲ್ಲದ ಕಾಡಿನಿಂದ ಬರುವ ಹಕ್ಕಿ ಅದು, ಅದಕ್ಕೆ ನಮ್ಮ ಭಯವೇ ಗೊತ್ತಿಲ್ಲ. ಡೆಸ್ಮಂಡ್ ಅದಕ್ಕೆ ಒಂದು ಮರ, ಅಷ್ಟೇ. ಸ್ವಲ್ಪ ಒಣಗಿದ ಮರ.

"ವಿವರ ಹೇಳು," ಎಂದ ಕಾರ್ಯದರ್ಶಿ.

ಹೇಳಿದೆ. ಯೋಚಿಸಬೇಕಾದ್ದೇ ಇರಲಿಲ್ಲ, ಮಾತುಗಳೆಲ್ಲ ಬಾಯಿಪಾಠವಾಗಿದ್ದವು. "ದುಂಡಗಿನ, ಉದ್ದ ಬಾಲದ ಹಕ್ಕಿ. ತಲೆ, ಎದೆ, ಬೆನ್ನು ಹಣ್ಣಾದ ಸೇಬಿನ ಕೆಂಪು. ರೆಕ್ಕೆ ಕಪ್ಪು, ಅದರ ಮೇಲೆ ಎರಡು ಬಿಳಿ ಪಟ್ಟಿ. ಕೊಕ್ಕು ಗಿಡ್ಡ, ದಪ್ಪ, ಕಪ್ಪು, ತುದಿ ಕೆಳಗೆ ಬಾಗಿದೆ. ನಡವಳಿಕೆ ಅತ್ಯಂತ ಸಾಧು, ಹೆಚ್ಚುಕಡಿಮೆ ಪೆದ್ದು."

ಡೆಸ್ಮಂಡನ ಕೈಯಲ್ಲಿದ್ದ ಟೀ ಲೋಟದಿಂದ ತುಳುಕಿ ಬೂಟಿನ ಮೇಲೆ ಬೀಳುತ್ತಿತ್ತು. "ದಪ್ಪಕೊಕ್ಕ," ಎಂದು ಉಸಿರೆಳೆದುಕೊಂಡ. "ಗಂಡು! ಅನುಮಾನವೇ ಇಲ್ಲ. ಈ ವಿವರಕ್ಕೆ ಬೇರೆ ಯಾವ ಹಕ್ಕಿಯೂ ಹೊಂದಲ್ಲ!"

"ಅಷ್ಟು ಗ್ಯಾರಂಟಿನಾ?"

"ಮಗು ಕೂಡ ಹೇಳುತ್ತೆ ಮೇವಿಸ್!"

"ಹನ್ನೊಂದು ವರ್ಷದ ಹಿಂದೆ ಇದನ್ನೇ ಬರೆದು ಕಳಿಸಿದ್ದೆ ಕಣೋ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ಅವನ ಮುಖ ನೋಡಬೇಕಿತ್ತು. ತಲೆ ಅಲ್ಲಾಡಿಸುವಂತಿಲ್ಲ, ತಲೆ ತಗ್ಗಿಸುವಂತೆಯೂ ಇಲ್ಲ. ಕಣ್ಣುಗುಡ್ಡೆಗಳು ಮಾತ್ರ ಅತ್ತಿತ್ತ ಓಡಾಡಿದವು.

ಈಗ ನಾನು ನಿಮಗೊಂದು ವಿಷಯ ಹೇಳಬೇಕು, ಅದು ನನಗೆ ಹೆಮ್ಮೆ ತರುವಂಥದ್ದಲ್ಲ. ಆ ಪತ್ರದಲ್ಲಿ ಒಂದು ಸುಳ್ಳಿತ್ತು. ಹಕ್ಕಿಯದ್ದಲ್ಲ, ಹೊತ್ತಿನದು. ಎರಡು ನಿಮಿಷ ಎಂದು ಬರೆದಿದ್ದೆನಲ್ಲ, ನಾವು ಅದನ್ನು ನೋಡಿದ್ದು ಒಂದು ಗಂಟೆ. ನಾನು ಮತ್ತು ವಿಲ್ಫ್. ಆಗ ಅವನು ಕಾಯಿಲೆ ಬಿದ್ದು ಮೂರು ತಿಂಗಳಾಗಿತ್ತು, ಸಮುದ್ರದ ಕಡೆ ಹೋಗಲಾಗದೆ ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದ. ಹಕ್ಕಿ ಬಂದಾಗ ನಾನು ಫೋನಿಗೆ ಕೈಹಾಕಿದೆ. "ಸ್ವಲ್ಪ ಹೊತ್ತು ಬೇಡ ಮೇವಿಸ್," ಎಂದ. ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಹಿತ್ತಲ ತುಂಬ ದುರ್ಬೀನುಗಳು ಬರುತ್ತಿದ್ದವು, ಪೈಜಾಮದಲ್ಲಿ ಕೂತ ವಿಲ್ಫನ ಕಡೆಗೂ ನಾಲ್ಕು ತಿರುಗುತ್ತಿದ್ದವು. ಹಾಗಾಗಿ ಒಂದು ಗಂಟೆ ಅದನ್ನು ನಮಗೇ ಇಟ್ಟುಕೊಂಡೆವು. ಕೊನೆಗೆ ಫೋನ್ ಮಾಡಿ ರಿಸೀವರ್ ಇಡುವಷ್ಟರಲ್ಲಿ ಅದು ಹಾರಿಹೋಯಿತು. ಬಚ್ಚಿಟ್ಟೆವೆಂದು ಗೊತ್ತಾಗಬಾರದೆಂದು ಎರಡು ನಿಮಿಷ ಎಂದು ಬರೆದೆ. ವಿಲ್ಫ್ ಮಾತ್ರ, "ನನ್ನ ಹೆಸರು ಹಾಕೋದಾದ್ರೆ ಒಂದು ಗಂಟೆ ಅಂತಲೇ ಹಾಕು, ಹಕ್ಕಿ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ," ಎಂದ. ಅವನ ಹೆಸರನ್ನೇ ಬಿಟ್ಟೆ. ಮಾರ್ಚಿನಲ್ಲಿ ಅವನು ತೀರಿಹೋದ.

ಹಾಗಾಗಿ ಈ ಸಲ ಒಂದು ನಿಮಿಷವೂ ತಡಮಾಡಲಿಲ್ಲ. ಡೆಸ್ಮಂಡ್ ಅಲ್ಲೇ ನಿಂತು ಟೀ ಚೆಲ್ಲುತ್ತಿರುವಾಗ ಫೋನ್ ತೆಗೆದು ಸಂಘದ ಎಲ್ಲರಿಗೂ ಸುದ್ದಿ ಕಳಿಸಿದೆ: "ದಪ್ಪಕೊಕ್ಕ, ಗಂಡು, ಪಾರ್ಕಿಂಗ್ ಜಾಗ, ಡೆಸ್ಮಂಡನ ತಲೆ ಮೇಲೆ."

ಮೊದಲ ಉತ್ತರ ಗ್ಯಾರಿ ಸ್ಪಿಂಕನದು: "ಡೋಡೋ ಎಲ್ಲಿ ಕೂತಿದೆ? ಹಹಹ." ಅದಕ್ಕೆ ನಾನೊಂದು ಫೋಟೋ ಕಳಿಸಿದೆ. ಆಮೇಲೆ ಯಾರೂ ಹಹಹ ಎನ್ನಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನಲವತ್ತು ಜನ ಬಂದಿದ್ದರು. ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು ಬಂದಿದ್ದ, ಇನ್ನೊಬ್ಬಳು ಮನೆಯ ಚಪ್ಪಲಿಯಲ್ಲಿ ಬಂದಿದ್ದಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅರ್ಧ ಚಂದ್ರಾಕಾರವಾಗಿ ನಿಂತು, ನಲವತ್ತು ದೂರದರ್ಶಕಗಳನ್ನು ಡೆಸ್ಮಂಡನ ಹಣೆಯ ಮೇಲೆ ನೆಟ್ಟರು.

"ಅಬ್ಬಾ, ಎಂಥ ಬಣ್ಣ!" ಎಂದ ಗ್ಯಾರಿ ಪಿಸುದನಿಯಲ್ಲಿ. "ಡೆಸ್ಮಂಡ್, ನಿನಗೆ ಕಾಣ್ತಿದೆಯಾ?"

"ನನ್ನ ತಲೆ ಮೇಲಿದೆ ಕಣೋ ಕತ್ತೆ, ನನಗೆ ಹೇಗೆ ಕಾಣುತ್ತೆ?"

ಎಲ್ಲರಿಗೂ ವಿಷಯ ತಟ್ಟಿದ್ದು ಆಗಲೇ. ಇಡೀ ಸಂಘ ದಪ್ಪಕೊಕ್ಕವನ್ನು ನೋಡಿಯಾಗಿತ್ತು, ದಾಖಲೆ ಕಾರ್ಯದರ್ಶಿಯನ್ನು ಬಿಟ್ಟು. ಸಂಘದ ನಿಯಮ ಬರೆದವನೂ ಅವನೇ: ಜೀವಮಾನದಲ್ಲಿ ಕಂಡ ಹಕ್ಕಿಗಳ ಪಟ್ಟಿಗೆ ಹೊಸ ಹಕ್ಕಿ ಸೇರಬೇಕಾದರೆ ಸದಸ್ಯ ಅದನ್ನು ಸ್ವಂತ ಕಣ್ಣಿನಿಂದ ಕಾಣಬೇಕು. ಫೋಟೋ ನೋಡಿದ್ದು ಲೆಕ್ಕಕ್ಕಿಲ್ಲ, ಕೇಳಿದ್ದು ಲೆಕ್ಕಕ್ಕಿಲ್ಲ. ಹೊತ್ತುಕೊಂಡಿದ್ದರ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

"ಭಾರ ಎಷ್ಟಿದೆ ಅಂತ ಹೇಳಬಲ್ಲೆ," ಎಂದ ಡೆಸ್ಮಂಡ್ ಅಳುವ ದನಿಯಲ್ಲಿ. "ಉಗುರು ಎಷ್ಟು ಚೂಪು ಅಂತಲೂ ಹೇಳಬಲ್ಲೆ."

"ಟೋಪಿ ಮೆತ್ತಗೆ ತೆಗೆದುಬಿಡು," ಎಂದಳು ಚಪ್ಪಲಿಯವಳು. "ಹಾರಿಹೋದ್ರೆ?" ಎಂದು ನಲವತ್ತು ಜನ ಒಟ್ಟಿಗೆ ಬುಸುಗುಟ್ಟಿದರು.

"ಕನ್ನಡಿ!" ಎಂದ ಡೆಸ್ಮಂಡ್. "ಮೇವಿಸ್, ನಿನ್ನ ವ್ಯಾನಿನ ಪಕ್ಕದ ಕನ್ನಡಿ!"

ಕನ್ನಡಿಯಲ್ಲಿ ಕಂಡರೆ ಅದು ಸ್ವಂತ ಕಣ್ಣಿನಿಂದ ಕಂಡಂತೆಯೋ ಅಲ್ಲವೋ ಎಂದು ಅಲ್ಲೇ ಚರ್ಚೆ ಎದ್ದಿತು. ದೂರದರ್ಶಕದೊಳಗೂ ಗಾಜಿದೆಯಲ್ಲ ಎಂದರು ಕೆಲವರು. ಹಾಗಿದ್ದರೆ ಕೊಳದ ನೀರಿನಲ್ಲಿ ಕಂಡ ಹಕ್ಕಿಯನ್ನೂ ಬರೆದುಕೊಳ್ಳಿ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಡೆಸ್ಮಂಡ್ ನಡೆಯಲು ಶುರುಮಾಡಿದ್ದ. ಬೇಲಿಯಿಂದ ವ್ಯಾನಿಗೆ ಹದಿನೈದು ಹೆಜ್ಜೆ. ತುಂಬಿದ ಹಾಲಿನ ಪಾತ್ರೆ ಹೊತ್ತವನಂತೆ, ಮೊಣಕಾಲು ಅರ್ಧ ಮಡಚಿ, ಕೈ ಎರಡೂ ಅಗಲಿಸಿ, ಒಂದು ಹೆಜ್ಜೆ ಇಟ್ಟು ನಿಂತು, ಇನ್ನೊಂದು ಇಟ್ಟು ನಿಂತು ಬಂದ. ಜೊತೆಗೆ ನಲವತ್ತು ದೂರದರ್ಶಕಗಳೂ ತಿರುಗಿದವು. ಅವನ ಪಕ್ಕದಲ್ಲೇ ಕಡುಗಪ್ಪು ಬ್ರೆಂಟ್ ಬಾತುಗಳ ಹಿಂಡೊಂದು ಗದ್ದಲ ಮಾಡುತ್ತ ಹಾರಿಹೋಯಿತು, ಯಾರೂ ಕತ್ತೆತ್ತಲಿಲ್ಲ. ದಪ್ಪಕೊಕ್ಕ ಹಾಯಾಗಿ ಕುಚ್ಚು ಬಿಚ್ಚುತ್ತ ಕೂತಿತ್ತು. ಹಸಿರು ಉಣ್ಣೆಯ ಎಳೆಯೊಂದು ಬೇಲಿಯಿಂದ ವ್ಯಾನಿನವರೆಗೂ ಅವನ ಹಿಂದೆ ಎಳೆದುಕೊಂಡು ಬಂತು.

ಕನ್ನಡಿಯ ಮುಂದೆ ಬಂದು ನಿಂತ. ಕನ್ನಡಿಯ ತುಂಬ ಕಡಲಕ್ಕಿಯ ಹಿಕ್ಕೆ.

"ಮೇವಿಸ್," ಎಂದ. "ಒರೆಸು."

ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಕನ್ನಡಿ ಒಂದು ಗೇಣು ದೂರದಲ್ಲಿತ್ತು. ನಾನು ಅಷ್ಟೊಂದು ಒಳ್ಳೆಯವಳಲ್ಲ.

"ಮೊದಲು ಹೇಳು."

"ಏನು ಹೇಳ್ಲಿ?"

"ನನ್ನ ಹಿತ್ತಲಿಗೆ ಬಂದಿದ್ದು ಏನು? ಹೊಟ್ಟೆ ತುಂಬ ತಿಂದ ರಾಬಿನ್ನಾ?"

"ಇದು ಬ್ಲ್ಯಾಕ್‌ಮೇಲು ಮಾರಾಯ್ತಿ!"

"ಹೌದು. ಬಟ್ಟೆ ಒಣಗ್ತಿದೆ, ಬೇಗ ಹೇಳು."

ದಪ್ಪಕೊಕ್ಕ ಒಮ್ಮೆ ಮೈ ಕೊಡವಿತು. ಡೆಸ್ಮಂಡನ ಮುಖ ಬಿಳಿಚಿಕೊಂಡಿತು. ಆಮೇಲೆ, ಹಕ್ಕಿ ಹೆದರದಷ್ಟು ಮೆಲ್ಲಗೆ, ಆದರೆ ಹತ್ತಿರದವರಿಗೆ ಕೇಳುವಷ್ಟು ಸ್ಪಷ್ಟವಾಗಿ ಹೇಳಿದ: "ನಿನ್ನ ಪತ್ರದಲ್ಲಿ ಏನೂ ಕೊರತೆ ಇರ್ಲಿಲ್ಲ ಮೇವಿಸ್. ಓದಿದ ಕೂಡಲೇ ಗೊತ್ತಾಗಿತ್ತು. ಅವತ್ತು ನೀನು ಫೋನ್ ಮಾಡಿದ ಮೇಲೆ ಓಡಿ ಬಂದೆ, ಸಂಜೆವರೆಗೂ ನಿನ್ನ ಬೇಲಿ ಹತ್ರ ನಿಂತೆ. ಬರ್ಲಿಲ್ಲ. ಅದು ದಪ್ಪಕೊಕ್ಕ ಅಂತ ಒಪ್ಪಿದ್ರೆ ನಾನು ದಪ್ಪಕೊಕ್ಕ ತಪ್ಪಿಸ್ಕೊಂಡವನಾಗ್ತೀನಿ. ರಾಬಿನ್ ಅಂದುಬಿಟ್ರೆ ನಾನು ಕಳ್ಕೊಂಡಿದ್ದು ಏನೂ ಇಲ್ಲ. ಅದಕ್ಕೇ ಬರೆದೆ. ನೀನು ಕಂಡಿದ್ದು ನಿಜ."

ಮುಂದಿದ್ದವರು ಹಿಂದಿದ್ದವರಿಗೆ ಪಿಸುಗುಟ್ಟಿದರು, ಅವರು ಅವರ ಹಿಂದಿನವರಿಗೆ. ಮಾತು ಅರ್ಧ ಚಂದ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು. ಕೊನೆಯಲ್ಲಿದ್ದ ಗ್ಯಾರಿ ಸ್ಪಿಂಕ್ ದೂರದರ್ಶಕದಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಆ ಮನುಷ್ಯ ಹಕ್ಕಿಯನ್ನು ಬಿಟ್ಟು ನನ್ನ ಮುಖ ನೋಡಿದ್ದು ಅದೊಂದೇ ಸಲ.

ಕನ್ನಡಿ ಒರೆಸಿದೆ. ನಿಜವಾಗಿಯೂ ಬೇಗ ಒರೆಸಿದೆ. ಆದರೆ ಬಟ್ಟೆಯ ಚಲನೆಗೋ, ಕನ್ನಡಿಯಲ್ಲಿ ತನ್ನನ್ನೇ ಕಂಡೋ, ದಪ್ಪಕೊಕ್ಕ ಕುಚ್ಚಿನ ಕೊನೆಯ ಎಳೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಹಾರಿತು. ಡೆಸ್ಮಂಡ್ ತಿರುಗುವ ಆತುರದಲ್ಲಿ ಹಣೆಯನ್ನು ಕನ್ನಡಿಯ ಅಂಚಿಗೆ ಹೊಡೆದುಕೊಂಡು ಕಣ್ಣು ಮುಚ್ಚಿದ. ಬಿಡುವಷ್ಟರಲ್ಲಿ ಹಕ್ಕಿ ದಿಬ್ಬದಾಚೆ ಮರೆಯಾಗಿತ್ತು. ನಲವತ್ತು ಜನ ಅದು ಹೋದ ದಿಕ್ಕಿಗೆ ಎದ್ದುಬಿದ್ದು ಓಡಿದರು. ಯಾರಿಗೂ ಮತ್ತೆ ಸಿಗಲಿಲ್ಲ.

"ಏನಾದ್ರೂ ಕಾಣ್ತಾ?" ಎಂದೆ, ಅವನ ಹಣೆಗೆ ತಣ್ಣನೆಯ ಬೆಣ್ಣೆ ಪ್ಯಾಕೆಟ್ಟು ಒತ್ತಿ.

"ಕನ್ನಡೀಲಿ ಅರ್ಧ ಬಾಲ," ಎಂದ.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಹೋದ ಮೇಲೆ ಡೆಸ್ಮಂಡ್ ಮತ್ತೆ ಬಂದ. ಹಣೆಯ ಮೇಲೆ ಗುಬ್ಬಿ ಮೊಟ್ಟೆಯಷ್ಟು ಬುಗುಟು. ಕೈಯಲ್ಲಿ ಸಂಘದ ಖಾಲಿ ಫಾರಂ, ಅದರ ಮೇಲೆ ಹನ್ನೊಂದು ವರ್ಷದ ಹಿಂದಿನ ತಾರೀಕು. ಆ ಹಕ್ಕಿಯನ್ನು ಹೊಸದಾಗಿ ದಾಖಲಿಸಲು ಬಂದಿದ್ದ. ನಾನು ಹಣ್ಣಿನ ಕೇಕಿನ ದಪ್ಪ ತುಂಡೊಂದನ್ನು ಅವನ ಮುಂದಿಟ್ಟೆ. ಒಳಗೊಳಗೇ ಕುಣಿಯುತ್ತಿದ್ದೆ, ಮುಚ್ಚಿಡುವುದೇಕೆ.

ಹಕ್ಕಿ, ಜಾಗ, ಹವೆ ಎಲ್ಲ ಬರೆದು, "ಎಷ್ಟು ಹೊತ್ತು ನೋಡಿದೆ? ಎರಡು ನಿಮಿಷ ಅಲ್ವಾ?" ಎಂದು ಕೇಳಿದ.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಗೆದ್ದಿದ್ದೆ. ಆದರೆ ಆ ಮನುಷ್ಯ ನಲವತ್ತು ಜನರ ಮುಂದೆ, ತಲೆಯ ಮೇಲೆ ಹಕ್ಕಿ ಹೊತ್ತುಕೊಂಡು ನಿಜ ಹೇಳಿದ್ದ. ನನ್ನ ಮುಂದೆ ಇದ್ದವನು ಅವನೊಬ್ಬನೇ, ನನ್ನ ತಲೆಯ ಮೇಲೆ ಏನೂ ಇರಲಿಲ್ಲ.

"ಒಂದು ಗಂಟೆ," ಎಂದೆ.

ಪೆನ್ನು ನಿಂತಿತು. ಅವನ ಮನೆಯಿಂದ ನನ್ನ ಮನೆಗೆ ಎಷ್ಟು ದೂರವೆಂದು ಅವನು ಲೆಕ್ಕಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ಇಪ್ಪತ್ತೈದು ನಿಮಿಷ. ಸೈಕಲ್ಲಿನಲ್ಲಿ ಬಂದರೂ ಅವನಿಗೆ ಹಕ್ಕಿ ಸಿಗುತ್ತಿತ್ತು.

"ನೀನು ಬಚ್ಚಿಟ್ಟೆ," ಎಂದ.

"ಬಚ್ಚಿಟ್ಟೆ. ವಿಲ್ಫ್ ಜೊತೆ. ಅವನು ಯಾರನ್ನೂ ಕರೀಬೇಡ ಅಂದ. ಅವನು ನೋಡಿದ ಕೊನೇ ಹಕ್ಕಿ ಅದು, ಡೆಸ್ಮಂಡ್. ಅವನು ಮತ್ತೆ ಕೇಳಿದ್ರೆ ಮತ್ತೆ ಹಾಗೇ ಮಾಡ್ತೀನಿ."

ಅವನು ಕೇಕಿನ ತುಂಡನ್ನು ಪೂರ್ತಿ ತಿಂದ. ಬೆರಳಿಗಂಟಿದ ಪುಡಿಯನ್ನೂ ಬಿಡಲಿಲ್ಲ. ಎದ್ದು ಹೋಗುತ್ತಾನೆ, ಫಾರಂ ಹರಿಯುತ್ತಾನೆ ಎಂದುಕೊಂಡು ನಾನು ಬಟ್ಟೆ ಹಿಂಡುತ್ತ ನಿಂತೆ. ಅವನು ಪೆನ್ನು ಎತ್ತಿಕೊಂಡು 'ಒಂದು ಗಂಟೆ' ಎಂದು ಬರೆದ. ಕೆಳಗೆ 'ಜೊತೆಗೆ ನೋಡಿದವರು' ಎಂಬ ಜಾಗದಲ್ಲಿ ದುಂಡಗೆ 'ವಿಲ್ಫ್ರೆಡ್ ಗೆಜ್' ಎಂದು ಬರೆದ.

"ಅವನಿಗೆ ಚೆನ್ನಾಗಿ ಕಾಣ್ತಾ?" ಎಂದು ಕೇಳಿದ.

"ಚೆನ್ನಾಗಿ ಕಾಣ್ತು. ಕನ್ನಡಕ ತೆಗೆದು ಒರೆಸ್ಕೊಂಡು ಒರೆಸ್ಕೊಂಡು ನೋಡ್ದ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅದೇ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡೆ. ಅದರಲ್ಲಿ ಏನೇನಿತ್ತೆಂದು ಆಮೇಲೆ ನೆನಪಾಯಿತು.

ಡೆಸ್ಮಂಡ್ ಬೆರಳು ಮಡಚಿ ಎಣಿಸುತ್ತಿದ್ದ. "ಸಾಯುವಾಗ ವಿಲ್ಫನ ಪಟ್ಟೀಲಿ ಮುನ್ನೂರ ನಲವತ್ತೊಂಬತ್ತು ಹಕ್ಕಿ ಇತ್ತು," ಎಂದ. "ಹೋದ ವರ್ಷ ತಾನೇ ಕಷ್ಟಪಟ್ಟು ಅವನನ್ನ ಸರಿಗಟ್ಟಿದ್ದೆ. ಈಗ ಅವನದು ಮುನ್ನೂರ ಐವತ್ತಾಯ್ತು."

"ಕನ್ನಡೀಲಿ ಕಂಡ ಅರ್ಧ ಬಾಲ ಸೇರಿಸ್ಕೊಂಡ್ರೆ ನಿಂದೂ ಅಷ್ಟೇ ಆಗುತ್ತಲ್ಲ."

"ಇಲ್ಲ ಮೇವಿಸ್," ಎಂದ ಡೆಸ್ಮಂಡ್. ಫಾರಂ ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡ. "ಅವನು ಒಂದು ಗಂಟೆ ನೋಡಿದಾನೆ. ಅವನೇ ಒಂದು ಹಕ್ಕಿ ಮುಂದೆ ಇರ್ಲಿ ಬಿಡು."